ಹಿಂದಿ ಪಾಠಕ್ಕೊಂದು ಖೋ

ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಸರ್ಕಾರ ಮಕ್ಕಳನ್ನು ಹುಡುಕುವುದಿಲ್ಲ, ಮೇಷ್ಟ್ರುಗಳನ್ನು ಎಣಿಸುತ್ತದೆ. ಹಾಗೆ ಎಣಿಸಿದಾಗ ಹಂಪಸಾಗರದಿಂದ ಒಳಗೆ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಹೆಚ್ಚಾದರು. ಯಾರು ಹೆಚ್ಚು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಣಿತದವರು ಬೇಕು, ಕನ್ನಡದವರು ಬೇಕು. ಕೊರಳಿಗೆ ಸೀಟಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುವ ಪಿ.ಟಿ. ಮೇಷ್ಟ್ರು ಜಂಬುನಾಥ ಮಾತ್ರ, ಮದುವೆ ಮನೆಯಲ್ಲಿ ಪಂಕ್ತಿ ಎದ್ದ ಮೇಲೆ ಉಳಿದ ಬಾಳೆಎಲೆಯ ಹಾಗೆ, ಎಲ್ಲರ ಕಣ್ಣಿಗೂ ಒಟ್ಟಿಗೇ ಬಿದ್ದ.

ಅವನಿಗೆ ವರ್ಗವೆಂದರೆ ಅಂಥ ಭಯವೇನೂ ಇರಲಿಲ್ಲ. ಚಿಂತೆ ಇದ್ದದ್ದು ಶಾಲೆಯ ಹಿಂದಿನ ಮೈದಾನದ್ದು. ಜಾಲಿಕಂಟಿ ತುಂಬಿದ್ದ ಆ ಬಯಲನ್ನು ತಾನೇ ಕಡಿದು, ಕಲ್ಲು ಆರಿಸಿ, ಹೆಣ್ಣುಮಕ್ಕಳ ಒಂದು ಖೋಖೋ ತಂಡ ಕಟ್ಟಿದ್ದ. "ಹೆಣ್ಣುಡುಗ್ರು ಓಡಿ ಏನ್ ಮಾಡಾದೈತಿ" ಎಂದು ಮೂಗು ಮುರಿದವರೇ ಈಗ ಸಂಜೆ ಬೇಲಿಗೆ ಆತು ನಿಂತು ನೋಡುತ್ತಿದ್ದರು. ಹೋದ ವರ್ಷ ಜಿಲ್ಲಾ ಪಂದ್ಯದಲ್ಲಿ ಹಡಗಲಿಯವರ ಎದುರು ಕೂದಲೆಳೆ ಅಂತರದಲ್ಲಿ ಸೋತು ಬಂದಿದ್ದರು. ಈ ವರ್ಷ ಬಿಡುವುದಿಲ್ಲ ಎಂದು ಹುಡುಗಿಯರು ಹಲ್ಲು ಕಚ್ಚಿ ಓಡುತ್ತಿದ್ದರು. ಜಂಬುನಾಥ ಹೋದನೆಂದರೆ ಆ ಮೈದಾನದಲ್ಲಿ ಮೆಕ್ಕೆಜೋಳ ಒಣಗುತ್ತದೆ, ಹುಡುಗಿಯರು ಮನೆಯಲ್ಲಿ ಮುಸುರೆ ತಿಕ್ಕುತ್ತಾರೆ. ಇದು ಅವನಿಗೂ ಗೊತ್ತು, ಊರಿಗೂ ಗೊತ್ತು.

ಉಪಾಯ ಹೊಳೆದದ್ದು ಹೆಡ್ ಮೇಡಂ ಲಕ್ಷ್ಮಿದೇವಿಗೆ.

"ನೋಡ್ರಿ ಜಂಬುನಾಥ, ಹಿಂದಿ ಮೇಷ್ಟ್ರು ರಿಟೈರ್ ಆದಾಗಿಂದ ಆ ಜಾಗ ಖಾಲಿ ಐತಿ. ಮಕ್ಕಳು ಪುಸ್ತಕದಾಗಿನ ಚಿತ್ರ ನೋಡಿ ಪಾಸಾಗಾಕ ಹತ್ಯಾರ. ನೀವು ಹಿಂದಿ ತಗಂತೀರಿ ಅಂತ ಬರದು ಕಳಿಸ್ತೀನಿ. ಹಿಂದಿ ಕಲಿಸೋರನ್ನ ಹೆಚ್ಚು ಅನ್ನಾಕ ಬರಂಗಿಲ್ಲ."

"ಮೇಡಂ, ನನಗ ಹಿಂದಿ ಬರಂಗಿಲ್ಲಲ್ರಿ."

"ಮಕ್ಕಳಿಗೂ ಬರಂಗಿಲ್ಲ. ಅವರಿಗಿಂತ ಒಂದು ಪಾಠ ಮುಂದ ಇರ್ರಿ, ಸಾಕು. ನಾನು ವಿಜ್ಞಾನ ಹಂಗಾ ಕಲಿಸೀನಿ."

ಹೀಗೆ ಜಂಬುನಾಥ ತನಗೆ ತಾನೇ ಗುರುವಾದ. ಹಗರಿಬೊಮ್ಮನಹಳ್ಳಿಯಿಂದ ಗೈಡು ತಂದ. ಅಕ್ಷರಗಳು ಬಟ್ಟೆ ಹಗ್ಗಕ್ಕೆ ನೇತುಹಾಕಿದ ಅಂಗಿಗಳ ಹಾಗೆ ಸಾಲಾಗಿ ಜೋತಾಡಿದವು. ಯಾವುದು ಯಾರದೆಂದು ತಿಳಿಯುವಷ್ಟರಲ್ಲಿ ವಾರಗಳು ಹೋದವು. ಓದಲು ಬಂತು, ಮಾತಾಡಲು ಬಾಯಿ ಏಳಲಿಲ್ಲ. ಆಗ ಟಿ.ವಿ.ಯಲ್ಲಿ ಹಿಂದಿ ಕಬಡ್ಡಿ ಕಾಮೆಂಟ್ರಿ ಸಿಕ್ಕಿತು. ಆಟ ಗೊತ್ತಿದ್ದವನಿಗೆ ಮಾತಿನ ಅರ್ಥ ತಾನಾಗಿಯೇ ಕಾಲಿಗೆ ಬಂದು ಬೀಳುತ್ತದಲ್ಲ. ಅವನು ಕೂತು ಕೇಳಿದ, ನಿಂತು ಕೇಳಿದ, ಸ್ನಾನದ ಮನೆಯಲ್ಲಿ ಹೇಳಿದ. ಹಿಂದಿ ಬಂತು. ಆದರೆ ಬಂದದ್ದೆಲ್ಲ ತೊಡೆ ತಟ್ಟಿಕೊಂಡೇ ಬಂತು. ಪಾಠದಲ್ಲಿ ಅಜ್ಜಿ ದೇವರಿಗೆ ದೀಪ ಹಚ್ಚಿದರೂ ಜಂಬುನಾಥನ ಬಾಯಲ್ಲಿ ಅವಳು ಎದುರಾಳಿಯ ಕೋಟೆಗೆ ನುಗ್ಗಿ ಹಚ್ಚಿ ಬರುತ್ತಿದ್ದಳು. ಮಕ್ಕಳಿಗೆ ಹಿಂದಿಯಷ್ಟು ರುಚಿಯ ವಿಷಯ ಇನ್ನೊಂದಿರಲಿಲ್ಲ.

ಎಲ್ಲ ಸುಸೂತ್ರ ನಡೆದಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೆಡ್ ಮೇಡಂ ಫೋನು ಹಿಡಿದುಕೊಂಡು ಬಂದರು. ಮುಖ ಹುಳಿ ಮಜ್ಜಿಗೆ ಕುಡಿದ ಹಾಗಿತ್ತು.

"ಜಿಲ್ಲಾದಿಂದ ಸಾಹೇಬ್ರು ಬರಾಕ ಹತ್ಯಾರಂತ. ಇವತ್ತಾ. ಆಟದ ಮೇಷ್ಟ್ರು ಹಿಂದಿ ಕಲಿಸ್ತಾರ ಅಂತ ಬರದಿದ್ದು ಅವರಿಗೆ ನಂಬಿಕಿ ಬಂದಿಲ್ಲ. ಕುಂತು ಪಾಠ ನೋಡ್ತಾರಂತ. ಸುಳ್ಳು ಅಂತ ಗೊತ್ತಾದ್ರ ನಿಮಗ ವರ್ಗಾ, ನನಗ ನೋಟೀಸು."

ಸುದ್ದಿ ಅಡುಗೆಮನೆ ಸೇರಲು ತಡವಾಗಲಿಲ್ಲ. ಬಿಸಿಯೂಟದ ಭರಮಮ್ಮ ಸೌಟು ಹಿಡಿದೇ ಬಂದಳು. ಶಾಲಾ ಸಮಿತಿಯ ಅಧ್ಯಕ್ಷ ಹುಲುಗಪ್ಪ ಚಹಾದಂಗಡಿಯಿಂದ ಎದ್ದು ಬಂದ. ಇವರಿಬ್ಬರಿಗೂ ಹಿಂದಿ ಬರುತ್ತದೆಂಬುದು ಊರಿಗೆ ತಿಳಿದ ವಿಷಯ, ಯಾಕೆಂದರೆ ಅವರೇ ಹೇಳಿದ್ದರು.

"ಹಿಂದಿ ಅಂದ್ರ ಏನ್ ಮಹಾ ಮೇಷ್ಟ್ರ," ಎಂದ ಹುಲುಗಪ್ಪ. "ನಾನು ಉಳ್ಳಾಗಡ್ಡಿ ಲಾರಿ ಜತಿಗೆ ನಾಗಪುರಕ್ಕ ಹೋಗಿ ಬಂದೋನು. ಕಡೀ ಬೆಂಚಿನ್ಯಾಗ ನಾನು ಕುಂದಿರ್ತೀನಿ. ನೀವು ಎಲ್ಲಿ ತಪ್ಪಿದ್ರಿ ಅಲ್ಲಿ ಕೆಮ್ತೀನಿ. ತಿದ್ದಿಕೊಂಡು ಹೋಗ್ರಿ."

"ನಾಗಪುರದಾಗ ಎಷ್ಟು ದಿನ ಇದ್ರಿ ಅಧ್ಯಕ್ಷರ?"

"ಮಾಲು ಇಳಿಸೋ ತನಕ."

ಭರಮಮ್ಮ ಸೌಟು ಅಡ್ಡ ಹಿಡಿದಳು. "ಅವನ ಮಾತು ಬಿಡ್ರಿ. ನಾನು ಕಾಶಿಗಿ ಹೋದಾಗ ಎರಡಾ ಮಾತು ಕಲ್ತಿದ್ದೆ. 'ಕಿತನಾ' ಅಂದ್ರ ಎಷ್ಟು. ಅವರು ಎಷ್ಟಾರ ಹೇಳ್ಲಿ, 'ನಹೀ' ಅನ್ನಾದು. ಅಷ್ಟರಾಗ ಗಂಗಿ ಮಿಂದು, ಸೀರಿ ತಗಂಡು ಊರಿಗೆ ಬಂದೆ. ಸಾಹೇಬ್ರು ಏನಾರ ಕೇಳಿದ್ರ 'ನಹೀ' ಅನ್ರಿ."

"ನಿಮಗ ಹಿಂದಿ ಬರ್ತೈತೇನು ಅಂತ ಕೇಳಿದ್ರ?"

ಭರಮಮ್ಮ ಸ್ವಲ್ಪ ಯೋಚಿಸಿದಳು. "ಆಗ 'ಕಿತನಾ' ಅನ್ರಿ."

ಹೆಡ್ ಮೇಡಂ ಇಬ್ಬರನ್ನೂ ಗದರಿ, ತಮ್ಮದೇ ದಾರಿ ಹಿಡಿದರು. "ಭರಮಮ್ಮ, ಮಂಡಕ್ಕಿ ಒಗ್ಗರಣಿ ಮಾಡು, ಮೆಣಸಿನಕಾಯಿ ಕರಿ. ಖಾರದ ಕಾಯಿನಾ ಆರಿಸು. ಬಾಯಿ ಉರಿಯೋ ಮನುಷ್ಯ ಪ್ರಶ್ನೆ ಕೇಳಂಗಿಲ್ಲ."

ಉಪಾಯವೇನೋ ಚೆನ್ನಾಗಿತ್ತು. ಆದರೆ ಜೀಪಿನಿಂದ ಇಳಿದ ಸಾಹೇಬರು ತಟ್ಟೆಯ ಕಡೆ ನೋಡಿ ಕೈಮುಗಿದರು. ಹೆಸರು ವೀರಭದ್ರಯ್ಯ, ಹರಪನಹಳ್ಳಿಯವರು. ಹಣೆ ತುಂಬ ವಿಭೂತಿ, ಮೂಗಿನ ಮೇಲೆ ದಪ್ಪ ಕನ್ನಡಕ.

"ನಂಗೆ ಗ್ಯಾಸ್ ಆಗ್ತತಿ. ಮೊದ್ಲು ಪಾಠ ನೋಡಣ, ನಡೀರಿ."

ಮಾಡಿದ್ದು ಹಾಳಾಗಬಾರದೆಂದು ಆ ತಟ್ಟೆಯನ್ನು ಹುಲುಗಪ್ಪ ಖಾಲಿ ಮಾಡಿದ. ಭರಮಮ್ಮ ಆರಿಸಿದ ಕಾಯಿಗಳು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದವು. ಮನುಷ್ಯ ಮಾತ್ರ ಬೇರೆಯಾಗಿದ್ದ.

ತರಗತಿಯಲ್ಲಿ ಸಾಹೇಬರಿಗೆ ಕುರ್ಚಿ ಹಾಕಿದ್ದರು. ಅವರು ಅದನ್ನು ಬಿಟ್ಟು, ಮಕ್ಕಳ ಜತೆ ಮಕ್ಕಳಾಗಿ ಇರಬೇಕೆಂದು ಯಾವುದೋ ತರಬೇತಿಯಲ್ಲಿ ಕೇಳಿದ್ದರೇನೋ, ಹುಡುಗಿಯರ ಸಾಲಿನ ನಡುವೆಯೇ ಬೆಂಚಿನ ಮೇಲೆ ಕೂತರು. ಕೊನೆಯ ಬೆಂಚಿನಲ್ಲಿ ಹುಲುಗಪ್ಪ, ಕಣ್ಣಲ್ಲಿ ನೀರು.

ಪಾಠ ಒಬ್ಬ ಮುದಿ ಅಂಚೆಯವನದು. ಹಿಂದಿಯಲ್ಲಿ ಡಾಕಿಯಾ. ಅವನು ಗುಡ್ಡ ಹತ್ತಿ ಒಬ್ಬ ಅಜ್ಜಿಗೆ ಕಾಗದ ಕೊಡಲು ಹೋಗುತ್ತಾನೆ, ಬಾಗಿಲಲ್ಲಿ ನಾಯಿ ಇರುತ್ತದೆ. ಜಂಬುನಾಥ ಗೈಡಿನಲ್ಲಿದ್ದ ಹಾಗೆಯೇ ಮೆತ್ತಗೆ ಶುರು ಮಾಡಿದ.

"ಏಕ್ ಡಾಕಿಯಾ ಥಾ."

ಹುಲುಗಪ್ಪ ಕೆಮ್ಮಿದ.

ಜಂಬುನಾಥ ಮತ್ತೆ ಪುಸ್ತಕ ನೋಡಿದ. ಮೊದಲ ವಾಕ್ಯದಲ್ಲೇ ತಪ್ಪೇ? ಒಬ್ಬ ಅಲ್ಲದಿದ್ದರೆ ಇಬ್ಬರಿರಬೇಕು ಎಂದುಕೊಂಡು, "ದೋ ಡಾಕಿಯೇ ಥೇ," ಎಂದ. ಮತ್ತೆ ಕೆಮ್ಮು. ಅಂಚೆಯವರು ಮೂವರಾದರು. ಹುಲುಗಪ್ಪನ ಗಂಟಲಲ್ಲಿ ಮೆಣಸಿನಕಾಯಿ ಬೀಜ ಸಿಕ್ಕಿಕೊಂಡಿತ್ತು. ಅವನು ನಾಗಪುರವನ್ನೂ ಮರೆತಿದ್ದ, ಹಿಂದಿಯನ್ನೂ ಮರೆತಿದ್ದ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಅಜ್ಜಿಗೆ ಕಾಗದ ಕೊಡಲು ಒಂದು ಇಡೀ ಕಬಡ್ಡಿ ತಂಡವೇ ಹೊರಟಿತ್ತು.

"ಆ ಯಜಮಾನ್ರಿಗೆ ನೀರು ಕೊಡ್ರಮ್ಮ," ಎಂದರು ಸಾಹೇಬರು. "ಆಸ್ಪತ್ರೆಗೆ ತೋರ್ಸ್ಬೇಕು ಇದನ್ನ."

ಏಳು ಜನ ಅಂಚೆಯವರನ್ನು ಕಟ್ಟಿಕೊಂಡು ಮೆತ್ತಗೆ ಹೋಗುವುದು ಜಂಬುನಾಥನಿಂದ ಇನ್ನು ಸಾಧ್ಯವಿರಲಿಲ್ಲ. ಸೊಂಟಕ್ಕೆ ಕೈಯಿಟ್ಟ. ದನಿ ಏರಿತು. ಗೈಡು ಹಿಂದೆ ಉಳಿಯಿತು, ಟಿ.ವಿ. ಮುಂದೆ ಬಂತು. ಡಾಕಿಯಾ ಎಡಕ್ಕೆ ಸರಿದ, ಬಲಕ್ಕೆ ನುಸುಳಿದ, ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು, "ಔರ್ ದಬೋಚ್ ಲಿಯಾ," ಹಿಡಿದೇಬಿಟ್ಟಿತು, ಆದರೆ ಡಾಕಿಯಾ ಕೈ ಚಾಚಿ ಹೊಸಿಲು ಮುಟ್ಟಿದ, "ಕ್ಯಾ ಬಾತ್ ಹೈ." ಮಕ್ಕಳು ಬೆಂಚು ಬಡಿದರು. ಕಿಟಕಿಯ ಆಚೆ ಭರಮಮ್ಮ ಯಾರಿಗೂ ಕೇಳದ ಹಾಗೆ "ನಹೀ, ನಹೀ" ಎಂದಳು.

ಸಾಹೇಬರು ತಲೆದೂಗುತ್ತ ಏನನ್ನೋ ಬರೆದುಕೊಳ್ಳುತ್ತಿದ್ದರು. "ಈಗ ಮಕ್ಕಳು ಓದ್ಲಿ," ಎಂದರು.

ಜಂಬುನಾಥನ ತರಗತಿಯಲ್ಲಿ ಓದುವುದಕ್ಕೂ ಒಂದು ಪದ್ಧತಿಯಿತ್ತು. ಒಬ್ಬಳು ಒಂದು ಸಾಲು ಓದಬೇಕು, ಓಡಿಹೋಗಿ ಇನ್ನೊಬ್ಬಳ ಬೆನ್ನು ತಟ್ಟಿ ಖೋ ಅನ್ನಬೇಕು. ಅವಳು ತಡಮಾಡದೆ ಎದ್ದು ಮುಂದಿನ ಸಾಲು ಹಿಡಿಯಬೇಕು. ಖೋ ಸಿಕ್ಕವರು ಒಲ್ಲೆ ಅನ್ನುವ ಹಾಗಿಲ್ಲ. ಹುಡುಗಿಯರು ಇವತ್ತು ಸಾಹೇಬರ ಎದುರು ಇನ್ನಷ್ಟು ಚುರುಕಾಗಿದ್ದರು. ಸಾಲು ಮುಗಿಯುವುದೇ ತಡ, ಖೋ, ಸಾಲು, ಖೋ. ತಂಡದ ಕ್ಯಾಪ್ಟನ್ ಸಂಗೀತಾ ತನ್ನ ಸಾಲು ಮುಗಿಸಿದವಳೇ ಗಾಳಿಯ ಹಾಗೆ ತಿರುಗಿ, ಎದುರು ಕಂಡ ಬೆನ್ನಿಗೆ ಪಟ್ಟನೆ ಬಾರಿಸಿದಳು.

"ಖೋ."

ಬೆನ್ನು ಸಾಹೇಬರದಾಗಿತ್ತು.

ಬಾಗಿಲಲ್ಲಿದ್ದ ಹೆಡ್ ಮೇಡಂ ಗೋಡೆ ಹಿಡಿದುಕೊಂಡರು. ಹುಲುಗಪ್ಪನ ಕೆಮ್ಮು ತಾನಾಗಿಯೇ ನಿಂತಿತು. ಸಾಹೇಬರು ಮಾತ್ರ, ಎಳೆವಯಸ್ಸಿನಲ್ಲಿ ತಾವೂ ಆಡಿದ್ದರೇನೋ, ಖೋ ಕಿವಿಗೆ ಬಿದ್ದ ಕೂಡಲೇ ಎದ್ದು ನಿಂತುಬಿಟ್ಟಿದ್ದರು. ಪಕ್ಕದ ಹುಡುಗಿ ಪುಸ್ತಕ ಕೈಗಿಟ್ಟು ಸಾಲು ತೋರಿಸಿದಳು. "ಇಲ್ಲಿಂದ್ರಿ ಸಾರ್."

ಸಾಹೇಬರು ಪುಸ್ತಕ ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಅಂಗಿಯ ಜೇಬು ತಡಕಿದರು, ಪ್ಯಾಂಟಿನ ಜೇಬು ತಡಕಿದರು.

"ಕನ್ನಡಕ ಜೀಪಲ್ಲೇ ಬಿಟ್ಟು ಬಂದೀನಿ ಅನ್ನುಸ್ತತಿ," ಎಂದರು, ಕನ್ನಡಕದ ಒಳಗಿನಿಂದ.

ಆ ಮುಖ ಜಂಬುನಾಥನಿಗೆ ಚೆನ್ನಾಗಿ ಗೊತ್ತಿತ್ತು. ಗೈಡು ತಂದ ಹೊಸತರಲ್ಲಿ ದಿನಾ ಕನ್ನಡಿಯಲ್ಲಿ ನೋಡಿದ್ದ. ಸಾಹೇಬರಿಗೆ ಹಿಂದಿಯ ಒಂದಕ್ಷರವೂ ಬರುವುದಿಲ್ಲ. ಇಷ್ಟು ಹೊತ್ತು ಏಳು ಅಂಚೆಯವರಿಗೂ ತಲೆದೂಗಿದ್ದು ಅದಕ್ಕೇ. ಮಕ್ಕಳು ಕಾಯುತ್ತಿದ್ದರು. ಸಾಹೇಬರ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಜಂಬುನಾಥನ ಕೈ ಸೀಟಿಗೆ ಹೋಯಿತು. ಫುರ್ರ್ ಎಂದು ಊದಿದ.

"ಟೈಂ. ಸಾಹೇಬ್ರು ಔಟಿಲ್ಲ. ಚಪ್ಪಾಳಿ ಹೊಡೀರಿ."

ಮಕ್ಕಳು ಹೊಡೆದರು. ಸಾಹೇಬರು ಕೂತರು. ಕೂತು ಜಂಬುನಾಥನನ್ನು ನೋಡಿದ ನೋಟದಲ್ಲಿ, ಬಾವಿಯಿಂದ ಮೇಲೆ ಬಂದವನು ಹಗ್ಗವನ್ನು ನೋಡುವ ಪ್ರೀತಿಯಿತ್ತು.

ಆಮೇಲೆ ಆಫೀಸು ಕೋಣೆಗೆ ಜಂಬುನಾಥನೊಬ್ಬನನ್ನೇ ಕರೆದು ಬಾಗಿಲು ಮುಚ್ಚಿದರು. ಹೊರಗೆ ಕಿಟಕಿಗೆ ಮೂರು ಕಿವಿ ಅಂಟಿಕೊಂಡವು.

"ಬಾಳ ಚೆನ್ನಾಗಿತ್ತು ಮೇಷ್ಟ್ರೇ. ಇಂಥ ಹಿಂದಿ ನಾನು ಎಲ್ಲೂ ಕೇಳಿಲ್ಲ."

ಅದು ನಿಜವಾಗಿತ್ತು.

"ನಿಮ್ಮನ್ನ ಹೆಚ್ಚು ಅಂತ ಯಾವನೂ ಅನ್ನಂಗಿಲ್ಲ. ಬರೆದೀನಿ, ನೋಡ್ರಿ."

ಕಿಟಕಿಯಾಚೆ ಹುಲುಗಪ್ಪ ಭರಮಮ್ಮನ ಸೌಟು ಕಿತ್ತುಕೊಂಡು ಕುಣಿದ. ಜಂಬುನಾಥನಿಗೆ ಮೈದಾನ ಕಣ್ಣೆದುರು ಬಂತು, ಹಡಗಲಿಯವರ ಸೋತ ಮುಖ ಬಂತು.

"ಇಷ್ಟು ಒಳ್ಳೆ ಹಿಂದಿ ಮೇಷ್ಟ್ರು ಈ ಸಣ್ಣ ಶಾಲೆಯಾಗೆ ಇರಬಾರ್ದು," ಎಂದರು ಸಾಹೇಬರು. "ನಮ್ಮ ಹರಪನಹಳ್ಳಿ ಕಡೆ ಒಂದು ದೊಡ್ಡ ಶಾಲೆಯಾಗೆ ಹಿಂದಿಯೋರು ಇಲ್ಲ. ಸೋಮವಾರದಿಂದ ನಿಮಗೆ ಅಲ್ಲಿಗೆ ಡೆಪ್ಟೇಶನ್. ಆಟದ ಮೇಷ್ಟ್ರು ಅಲ್ಲಿ ಅದಾರೆ. ನೀವು ಬೆಳಿಗ್ಗಿಂದ ಸಂಜೆ ಮಟ ಬರೀ ಹಿಂದಿ. ಇಲ್ಲೂ ಒಬ್ರು ಹೆಚ್ಚಿದ್ರಲ್ಲ, ಅದೂ ಸರಿ ಹೋತು."

ಕಿಟಕಿಯಾಚೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

"ಸಾರ್," ಎಂದ ಜಂಬುನಾಥ. ಬೆಳಗಿನಿಂದ ಊರೆಲ್ಲ ಸೇರಿ ಮುಚ್ಚಿಟ್ಟದ್ದನ್ನು ಈಗ ಅವನೇ ಬಿಚ್ಚಿದ. "ನಿಜ ಹೇಳ್ತೀನಿ ಸಾರ್, ನನಗ ಹಿಂದಿ ಬರಂಗಿಲ್ರಿ."

ಸಾಹೇಬರು ಅವನ ಭುಜ ತಟ್ಟಿದರು. "ತಿಳಿದೋರು ಹಂಗೇ ಅನ್ನೋದು. ಈ ಕಾಲದಾಗೆ ಇಷ್ಟು ವಿನಯ ಎಲ್ಲೈತಿ."

"ದೇವ್ರಾಣಿ ಸಾರ್, ಕಬಡ್ಡಿ ನೋಡಿ ಕಲ್ತಿದ್ದು."

"ಆಟದಾಗೂ ಕಲೀತೀರಿ ನೀವು. ಅದಕ್ಕೇ ನಿಮ್ಮನ್ನ ಆರಿಸಿದ್ದು." ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡರು, ದನಿ ತಗ್ಗಿಸಿದರು. "ನೀವು ಮಾನ ಉಳಿಸಿದೋರು, ನಿಮ್ಮ ಹತ್ರ ಏನು ಮುಚ್ಚುಮರೆ. ನಮ್ಮ ಮೇಲೆ ಹೊಸ ಸಾಹೇಬ್ರು ಬಂದಾರೆ, ಉತ್ತರದ ಕಡೆಯೋರು. ಮೀಟಿಂಗ್ ಪೂರಾ ಹಿಂದಿ. ನಾನು ಗೋಡೆ ನೋಡ್ಕಂಡು ಕೂರ್ತೀನಿ. ನಮ್ಮನೆ ಆ ಶಾಲೆ ಹಿಂದೇನೇ. ದಿನಾ ಸಂಜೆ ಬಂದು ನಂಗೆ ಹಿಂದಿ ಕಲಿಸ್ರಿ. ನಂಗೆ ಹಿಂದಿ ಬಂದ ದಿನ ನಿಮ್ಮ ಡೆಪ್ಟೇಶನ್ ರದ್ದು. ಆವತ್ತೇ ನೀವು ನಿಮ್ಮ ಶಾಲೆಗೆ."

ಜೀಪು ಹೋಯಿತು. ಮೈದಾನದ ಹುಡುಗಿಯರೆಲ್ಲ ಆಫೀಸಿನ ಮುಂದೆ ನಿಂತಿದ್ದರು. ಹೆಡ್ ಮೇಡಂ ಆಕಾಶ ನೋಡುತ್ತಿದ್ದರು. ಮುಂದೆ ಬಂದು ಕೇಳಿದವಳು ಸಂಗೀತಾ.

"ವಾಪಸ್ ಯಾವಾಗ ಬರ್ತೀರಿ ಸಾರ್?"

"ಸಾಹೇಬ್ರಿಗೆ ಹಿಂದಿ ಬಂದ ಕೂಡ್ಲೆ."

"ಅವರಿಗೆ ಯಾರು ಕಲಿಸ್ತಾರ್ರಿ?"

"ನಾನಾ."

ಇಷ್ಟು ದಿನ ಅವನ ಹತ್ತಿರವೇ ಹಿಂದಿ ಕಲಿತಿದ್ದ ಆ ಹುಡುಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.