ಒರಾಂಗುಟಾನ್ ಕಂಡವರು ಯಾರು?

ಸುಮಿತ್ರಾ: ಕಣ್ಣಾರೆ ಕಂಡಿದ್ದು ನಾನು. ಕಂಡೆ ಅಂತ ಹೇಳ್ಕೊಳ್ಳೋದು ನೀವು. ಇದ್ಯಾವ ನ್ಯಾಯಾರೀ?

ಇಂದುಶೇಖರ: ಮೆಲ್ಲಗೆ ಮಾತಾಡೇ. ಆಟೋದವನು ಕೇಳಿಸ್ಕೋತಾನೆ.

ಸುಮಿತ್ರಾ: ಕೇಳಿಸ್ಕೊಳ್ಳಲಿ ಬಿಡಿ. ಅವನಿಗೇನು ಕನ್ನಡ ಬರುತ್ತಾ?

ವಸಂತ್ ಕುಂಜ್‌ನಿಂದ ಹೊರಟ ಆಟೋ ಚಾಣಕ್ಯಪುರಿಯ ದಾರಿ ಹಿಡಿದಿತ್ತು. ಸರ್ಕಾರಿ ನೌಕರಿಯಿಂದ ಸ್ವಯಂನಿವೃತ್ತಿ ಪಡೆದ ಇಂದುಶೇಖರರು ಹೆಂಡತಿಯೊಡನೆ ಬೋರ್ನಿಯೊದ ಮಳೆಕಾಡುಗಳಲ್ಲಿ, ಅಗ್ಗದ ಕೋಣೆಗಳಲ್ಲಿ ತಂಗುತ್ತ, ತಿಂಗಳುಗಟ್ಟಲೆ ಅಲೆದು ಬಂದಿದ್ದರು. ಇಂದು ದೆಹಲಿ ಕನ್ನಡಿಗರ ಮುಂದೆ ಅವರ ಭಾಷಣ: 'ಮಳೆಕಾಡಿನ ವನ್ಯಜೀವಿಗಳು, ನಾ ಕಂಡಂತೆ'. ತೊಡಕು ಒಂದೇ. ಅವರು ಕಂಡದ್ದು ರಕ್ತ ಹೀರುವ ಇಂಬಳ ಮಾತ್ರ, ಅದೂ ಕಚ್ಚಿದ ಮೇಲೆ. ಬೆಳಗಾದರೆ ಎಲ್ಲಿಗೋ ಹೊರಟುಬಿಡುತ್ತಿದ್ದ ಅವರಿಗೆ ಒಂದು ಬಾಲವೂ ಕಾಣಿಸಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸುಮಿತ್ರಾಳ ಬಳಿಗೆ ಕಾಡೇ ನಡೆದು ಬಂದಿತ್ತು.

ಇಂದುಶೇಖರ: ಗಂಡ ಹೆಂಡತಿ ಅಂದಮೇಲೆ ನೀನು ಕಂಡಿದ್ದು, ನಾನು ಕಂಡಿದ್ದು ಅಂತ ಭೇದ ಉಂಟೇನೇ?

ಸುಮಿತ್ರಾ: ಬಟ್ಟೆ ಒಗೆಯೋವಾಗ ಈ ಅದ್ವೈತ ಎಲ್ಲಿ ಹೋಗಿತ್ತು?

ಇಂದುಶೇಖರ: ಹೋಗಲಿ, ಆ ಮಂಗಟ್ಟೆ ಹಕ್ಕಿ ಹೇಗೆ ಕೂಗ್ತು? ಅದೊಂದು ಹೇಳಿಕೊಡು.

ಸುಮಿತ್ರಾ ಕತ್ತು ಚಾಚಿ, ಗಂಟಲೊಳಗಿನಿಂದ ಒಂದು ಕೂಗು ಹಾಕಿದಳು. ಆಟೋ ಗಕ್ಕನೆ ನಿಂತಿತು.

ಆಟೋದವನು: ಕ್ಯಾ ಹುವಾ ಮಾತಾಜಿ? ತಬೀಯತ್ ಠೀಕ್ ಹೈ?

ಇಂದುಶೇಖರ: ಕುಛ್ ನಹೀ ಭಯ್ಯಾ. ಚಿಡಿಯಾ... ಚಿಡಿಯಾ. ಚಲೋ, ಚಲೋ.

ಆಟೋದವನು: ಚಿಡಿಯಾಘರ್? ಪೆಹಲೇ ಬೋಲ್ನಾ ಥಾ, ಸಾಹಬ್!

'ಹಕ್ಕಿ' ಎಂದದ್ದು ಅವನಿಗೆ 'ಮೃಗಾಲಯ'ವಾಗಿ, ಆಟೋ ಬೇರೆ ದಾರಿಗೆ ತಿರುಗಿತು. ಗಂಡ ಹೆಂಡತಿ ಜಗಳದ ಭರದಲ್ಲಿ ಅದನ್ನು ಗಮನಿಸಿದ್ದು ಬಹಳ ತಡವಾಗಿ. ಅವರು ಸಭೆ ಸೇರಿದಾಗ ಪ್ರಾರ್ಥನೆ ಮುಗಿದು, ಸ್ವಾಗತವೂ ಮುಗಿದು, ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು ಮೈಕು ಹಿಡಿದು ಬೆವರುತ್ತಿದ್ದರು.

ವೆಂಕಟಸುಬ್ಬಯ್ಯ: ಬಂದರು ಬಂದರು! ಪ್ರಾಣದ ಹಂಗು ತೊರೆದು ಒರಾಂಗುಟಾನ್ ದರ್ಶನ ಮಾಡಿದ ಮಹನೀಯರು!

ಇಂದುಶೇಖರರು ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಕೂತ ಸುಮಿತ್ರಾ ಸೆರಗು ಸರಿಮಾಡಿಕೊಂಡು, ಪರಕೀಯಳಂತೆ ಅವರನ್ನೇ ನೋಡುತ್ತಿದ್ದಳು.

ಇಂದುಶೇಖರ: ಸಭಿಕರೇ, ಆ ದಿನ ಮರದಿಂದ ಸರಸರ ಇಳಿದು ಬಂತು ನೋಡಿ ಒರಾಂಗುಟಾನ್...

ವೆಂಕಟಸುಬ್ಬಯ್ಯ: ಕ್ಷಮಿಸಿ, ಜೊತೆಗೆ ಮರಿ ಇತ್ತೇ?

ಇಂದುಶೇಖರ: ಇರಲಿಲ್ಲ.

ಸುಮಿತ್ರಾ: ಇತ್ತು.

ಎರಡೂ ಉತ್ತರ ಒಟ್ಟಿಗೇ ಬಂದವು.

ವೆಂಕಟಸುಬ್ಬಯ್ಯ: ನಿಮಗೆ ಹೇಗೆ ಗೊತ್ತು ತಾಯಿ?

ಸುಮಿತ್ರಾ: ನನ್ನ ಸೋಪು ಎತ್ಕೊಂಡು ಹೋಗಿದ್ದೇ ಆ ಮರಿ!

ಸಭೆ ಗೊಳ್ಳೆಂದಿತು. ಯಾರೂ ಹೇಳದೆಯೇ ಇಂದುಶೇಖರರು ಪಕ್ಕಕ್ಕೆ ಸರಿದರು. ಮೈಕು ಸುಮಿತ್ರಾಳ ಕೈಗೆ ಹೋಯಿತು. ಮರಿ ಸೋಪನ್ನು ಕಚ್ಚಿ ಮುಖ ಕಿವುಚಿದ್ದು, ತಾಯಿ ಬಂದು ಅದರ ಬಾಯಿಂದ ನೊರೆ ಒರೆಸಿದ್ದು, ಆಮೇಲೆ ತನ್ನತ್ತ ತಿರುಗಿ 'ಮಕ್ಕಳ ಕೈಗೆ ಸಿಗೋ ಹಾಗೆ ಇಡ್ತಾರಾ?' ಎನ್ನುವಂತೆ ದುರುಗುಟ್ಟಿದ್ದು, ಎಲ್ಲವನ್ನೂ ಹೇಳಿದಳು. ಇಂದುಶೇಖರರೂ ಬಾಯಿಬಿಟ್ಟುಕೊಂಡು ಕೇಳಿದರು. ಅಷ್ಟು ದೂರ ಹೋದರೂ ಕಾಣದ ಪ್ರಾಣಿ ಚಾಣಕ್ಯಪುರಿಯ ಮಡಚುವ ಕುರ್ಚಿಯ ಮೇಲೆ ಕೂತಾಗ ಅವರಿಗೆ ಕಂಡಿತು. ಹೊಟ್ಟೆಕಿಚ್ಚಿಗೂ ಹೆಮ್ಮೆಗೂ ನಡುವೆ ಎಲ್ಲೋ ಸಿಕ್ಕಿಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ವೆಂಕಟಸುಬ್ಬಯ್ಯ: ಅದ್ಭುತ ತಾಯಿ! ಸಭೆಯ ಪರವಾಗಿ ಒಂದೇ ಒಂದು ಪ್ರಶ್ನೆ. ಅಲ್ಲಿ ಮೊಸರು ಸಿಗುತ್ತಾ?

ಸುಮಿತ್ರಾ ಮೈಕನ್ನು ಗಂಡನ ಕಡೆ ಚಾಚಿದಳು.

ಸುಮಿತ್ರಾ: ಅದನ್ನ ಇವರನ್ನೇ ಕೇಳಿ. ಇಡೀ ಕಾಡು ಅಲೆದು ಇವರು ಹುಡುಕಿದ್ದು ಅದೊಂದನ್ನೇ!