ನಮ್ಮ ‘ನೀ’ ಮತ್ತು ಮಾರ್ಕುವಿನ ಮೊಣಕಾಲು

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ತಂಗಿಗೆ ಗಂಡು ಗೊತ್ತಾದ ಸುದ್ದಿಯನ್ನು ತಂಗಿಗಿಂತ ಮೊದಲು ಕುಂದಾಪುರದ ಬಸ್ ಸ್ಟ್ಯಾಂಡಿಗೆ ತಿಳಿಸಿದವನು ನಾನೇ. ಇಂಥ ನಾನು ದುಬೈಗೆ ಬಂದು ಸೇರಿದ್ದು ಒಂದು ಐಸ್ ರಿಂಕಿಗೆ. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ನಾನು ಸ್ವೆಟರು, ಮಂಕಿ ಕ್ಯಾಪು ಏರಿಸಿಕೊಂಡು ಐಸ್ ಮೇಲೆ ಜಾರುವವರ ಬೂಟಿನಡಿಯ ಬ್ಲೇಡುಗಳನ್ನು ಮಸೆಯುತ್ತ ಕೂತಿರುತ್ತೇನೆ. ಊರಿಗೆ ಫೋನ್ ಮಾಡಿ ಚಳಿ ಎಂದರೆ ಅಮ್ಮ ಜ್ವರವೆಂದು ತಿಳಿದು ಕಷಾಯ ಮಾಡುವ ಕ್ರಮ ಹೇಳುತ್ತಾಳೆ.

ನಮ್ಮ ಹಾಕಿ ಕೋಚ್ ಮಾರ್ಕು ಫಿನ್ಲೆಂಡಿನವನು. ಐದನೆಯ ವಯಸ್ಸಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಶುರುಮಾಡಿ, ದೊಡ್ಡವನಾದ ಮೇಲೆ ಹದಿನೆಂಟು ವರ್ಷ ಐಸ್ ಹಾಕಿಯಲ್ಲೇ ಅನ್ನ ದುಡಿದವನು. ಮುಂದಿನ ಎರಡು ಹಲ್ಲನ್ನು ಆಟಕ್ಕೆ ಕೊಟ್ಟಿದ್ದ, ಬಲ ಮೊಣಕಾಲನ್ನು ಎರಡು ಸಲ ಡಾಕ್ಟರ ಚಾಕುವಿಗೆ ಕೊಟ್ಟಿದ್ದ. ನೆಲದ ಮೇಲೆ ತುಸು ಕುಂಟುತ್ತಿದ್ದ. ಐಸಿಗೆ ಇಳಿದರೆ ಆ ಕುಂಟು ಎಲ್ಲಿ ಹೋಗುತ್ತಿತ್ತೋ ಏನೋ. ಮಕ್ಕಳಿಗೆ ವಿವರಿಸುವಷ್ಟು ಇಂಗ್ಲಿಷ್ ಅವನಲ್ಲಿರಲಿಲ್ಲ, ತಾನೇ ಜಾರಿ ತೋರಿಸುತ್ತಿದ್ದ. ಜಾರಲಾರದ ಕೋಚನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ವೀಸಾವೂ ಖಲಾಸ್.

ಒಂದು ದಿನ ಅವನ ಬೂಟು ಮಸೆಯಲು ಕೈಗೆತ್ತಿಕೊಂಡವನು ಹಾಗೇ ನಿಂತೆ. ಎಡದ ಬ್ಲೇಡು ಮೊಂಡಾಗಿತ್ತು, ಬಲದ್ದು ಹಿಂದಿನ ವಾರ ನಾನು ಮಸೆದುಕೊಟ್ಟ ಹಾಗೇ ಇತ್ತು. ಪುಣ್ಯಾತ್ಮ ಬಲಗಾಲು ಊರುತ್ತಲೇ ಇಲ್ಲ! ತಲೆಯೆತ್ತಿದರೆ ಎದುರಿಗೇ ಮಾರ್ಕು. ತುಟಿಗೆ ಬೆರಳಿಟ್ಟು, ‘ಮಾಫಿ ಕಲಾಂ’ ಎಂದ. ಮಾತು ಬೇಡ ಎನ್ನುವುದಕ್ಕೆ ನಮ್ಮಂಥವರ ಹರಕು ಅರಬಿ ಅದು. ನಾನೂ ಎದೆ ಮುಟ್ಟಿಕೊಂಡು ‘ಮಾಫಿ ಕಲಾಂ’ ಎಂದೆ. ಮೂರು ವಾರ ತಡೆದುಕೊಂಡೆ. ಹೊಟ್ಟೆ ಉಬ್ಬರಿಸಿ ಊಟ ಸೇರುತ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಚಾ ಹಿಡಿದುಕೊಂಡು ಕೌಂಟರಿಗೆ ಹೋದೆ. ಅಲ್ಲಿ ಕೂರುವ ಶೇಖರ ಬೈಂದೂರಿನವ, ಕೋಚುಗಳ ಟೈಂ ಟೇಬಲ್ ಬರೆಯುವವ. ಪಕ್ಕದ ಬೆಂಚಿನಲ್ಲಿ ಮಾರ್ಕು ಬೂಟಿನ ಲೇಸು ಕಟ್ಟುತ್ತಿದ್ದ.

‘ನೀ ನಿನ್ನೆ ಎಂತಕ್ ಬರ್ಲಿಲ್ಲ ಮರಾಯಾ? ಬಂಗ್ಡೆ ಸಾರ್ ಮಾಡಿದ್ದೆ’ ಎಂದ ಶೇಖರ.

‘ನೀ ಕರೀದೆ ನಾ ಹ್ಯಾಂಗ್ ಬಪ್ಪುದ್?’

‘ನೀ ಫೋನ್ ಎತ್ತಿರೆ ಅಲ್ದಾ ಕರೂದ್!’

‘ನೀ ಮಾಡಿರೆ ಅಲ್ದಾ ಎತ್ತೂದ್!’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾರ್ಕು ಎದ್ದು ನೇರ ಮ್ಯಾನೇಜರನ ಕೋಣೆಗೆ ಹೋದ. ಹತ್ತು ನಿಮಿಷದ ಮೇಲೆ ಹೊರಗೆ ಬಂದವನು ನನ್ನ ಮುಂದೆ ನಿಂತು, ಶೇಖರನತ್ತ ಕೈ ತೋರಿಸಿ, ‘ಯು ಟೋಲ್ಡ್ ಹಿಮ್. ನೀ, ನೀ, ನೀ. ಐ ಹಿಯರ್’ ಎಂದ. ಇಂಗ್ಲಿಷಿನಲ್ಲಿ ಮೊಣಕಾಲಿಗೂ ‘ನೀ’ ಎನ್ನುತ್ತಾರೆಂದು ನನಗೆ ಹೊಳೆದದ್ದು ಆಗ. ಗುಟ್ಟು ಹೇಗೂ ಬಯಲಾಯಿತು, ಇನ್ನೊಬ್ಬರ ಬಾಯಿಂದ ಹೋಗುವುದಕ್ಕಿಂತ ತಾನೇ ಹೇಳುವುದು ಮೇಲೆಂದು ಅವನು ಎಲ್ಲ ಒಪ್ಪಿಸಿ ಬಂದಿದ್ದ. ಅಲ್ಲಿಯವರೆಗೆ ಮ್ಯಾನೇಜರನಿಗೆ ಏನೇನೂ ಗೊತ್ತಿರಲಿಲ್ಲ.

‘ನಮ್ಮ ಭಾಷೆಯಲ್ಲಿ ನೀ ಅಂದರೆ ಯು, ಯು!’ ಎಂದು ಅವನ ಎದೆಗೇ ಬೆರಳು ತೋರಿಸಿದೆ.

‘ಯೆಸ್. ಮಿ. ಮೈ ನೀ’ ಎಂದ ಮಾರ್ಕು.

ಬಂಗಡೆ ಸಾರಿನ ಮಾತನ್ನೂ ಹೇಳಿ ನೋಡಿದೆ. ನಂಬಲಿಲ್ಲ. ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಗಿ ಹೊರಟುಹೋದ. ಕೊನೆಯ ದಿನ ಮಕ್ಕಳೆಲ್ಲ ಅತ್ತರು. ನಾನು ಮಸೆಯುವ ಮೆಷಿನ್ ಚಾಲು ಮಾಡಿಕೊಂಡು ಅದರ ಸದ್ದಿನ ಹಿಂದೆ ಅತ್ತೆ.

‘ನೀ ಎಂತಕ್ ಬೇಜಾರ್ ಮಾಡ್ತೆ? ನೀ ಎಂತದೂ ಹೇಳ್ಲಿಲ್ಲ ಅಲ್ದಾ?’ ಎಂದು ಶೇಖರ ಈಗಲೂ ಸಮಾಧಾನ ಮಾಡುತ್ತಾನೆ. ಹೇಳಲಿಲ್ಲ, ನಿಜ. ಆದರೆ ಅವತ್ತು ಚಾ ಹಿಡಿದುಕೊಂಡು ಅವನ ಹತ್ತಿರ ಹೋದದ್ದು ಅದನ್ನು ಹೇಳಲಿಕ್ಕೇ. ಬಂಗಡೆ ಸಾರಿನ ಸುದ್ದಿ ಅವನು ಮೊದಲು ತೆಗೆದ, ಅಷ್ಟೆ.