ಒಂದು ಕುರ್ಚಿ ಬಿಟ್ಟು

ಎಲ್ಲ ರಗಳೆಗೂ ಕಾರಣ ಒಂದು ಬನ್ನು. ಕಾರ್ಖಾನೆಯ ಒಡತಿ ತೂಲಿಕ್ಕಿ ಬೆಳಗಿನ ಕಾಫಿಗೆ ದಾಲ್ಚಿನ್ನಿ ಬನ್ನು ಅದ್ದಿದಳು, ಅದು ಅರ್ಧಕ್ಕೆ ಮುರಿದು ಲೋಟದ ತಳ ಸೇರಿತು. ಚಮಚಕ್ಕಾಗಿ ಮೇಜು ತಡಕಿದ ಅವಳ ಕೈಗೆ ತಾಂಪೆರೆ ಪಟ್ಟಣದಲ್ಲಿ ನಡೆಯುವ ನೆಲ-ಶುಚಿತ್ವ ಮೇಳದ ಕರಪತ್ರ ಸಿಕ್ಕಿತು. ಬನ್ನಿನ ಮೇಲಿನ ಸಿಟ್ಟು ಕರಪತ್ರದ ಕಡೆ ತಿರುಗಿತು.

"ಆರ್ವೋ, ವರ್ಷಾ ವರ್ಷಾ ಹೋಗಿ ಅಲ್ಲಿ ಸೆಮಿನಾರಲ್ಲಿ ಕೂತು ಬರ್ತೀರಲ್ಲ, ಅದರಿಂದ ನಮಗೇನು ಬಂತು? ಅವರು ಪರದೆ ಮೇಲೆ ತೋರಿಸೋದನ್ನೆಲ್ಲ ಮಾರನೇ ದಿನ ಇ-ಮೇಲ್‌ನಲ್ಲಿ ಕಳಿಸ್ತಾರೆ. ನಾನು ಸೋಫಾ ಮೇಲೆ ಕಾಲು ಚಾಚ್ಕೊಂಡು ಓದ್ತೀನಿ."

"ಹಾಗಲ್ಲ..." ಎಂದ ಆರ್ವೋ.

"ಮತ್ತೆ ಹೇಗೆ?"

ಹೇಗೆ ಎನ್ನುವುದನ್ನು ಹೇಳಲು ಆರ್ವೋನಿಗೆ ಬರಲಿಲ್ಲ. ಕಾಲೊರಸು ಮಾಡುವ ಆ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ನೋಡುವವನು. ಒದ್ದೆ ಬೂಟು ಹಾಕಿಕೊಂಡು ಹೊಸ ಕಾಲೊರಸನ್ನು ತುಳಿದು ತುಳಿದು, ಅದು ಎಷ್ಟು ಕೆಸರು ನುಂಗುತ್ತದೆಂದು ಪರೀಕ್ಷಿಸುವುದು ಅವನ ಕೆಲಸ. ಅದಕ್ಕೆ ಕಾಲು ಸಾಕು, ಬಾಯಿ ಬೇಡ. ಹಾಗಾಗಿ ಇಷ್ಟು ವರ್ಷದಲ್ಲಿ ಬಾಯಿಯ ಅಭ್ಯಾಸವೇ ತಪ್ಪಿಹೋಗಿತ್ತು.

"ಈ ಸಲ ಹೋಗಿ ಬನ್ನಿ," ಎಂದಳು ತೂಲಿಕ್ಕಿ. "ಇ-ಮೇಲ್‌ನಲ್ಲಿ ಬರದೇ ಇರೋ ಒಂದೇ ಒಂದು ವಿಷಯ ಅಲ್ಲಿಂದ ತಂದು ಈ ಮೇಜಿನ ಮೇಲಿಡಿ. ಇಟ್ಟರೆ ಮುಂದಿನ ವರ್ಷವೂ ಕಳಿಸ್ತೀನಿ. ಇಲ್ಲಾಂದ್ರೆ ಇದೇ ಕೊನೆ."

ಇ-ಮೇಲ್‌ನಲ್ಲಿ ಬರದ ವಿಷಯ ಆರ್ವೋನ ಬಳಿ ಒಂದಿತ್ತು. ಆದರೆ ಕಾಫಿ ಮೇಜಿನ ಮೇಲೆ ಇಡುವಂಥದ್ದಲ್ಲ. ಅದರ ಹೆಸರು ರೈಯಾ.

ನಾಲ್ಕು ವರ್ಷದಿಂದ ಮೇಳದ ಗೋಷ್ಠಿಗಳಲ್ಲಿ, ಹಿಂದಿನ ಸಾಲಿನಲ್ಲಿ, ಅವನಿಂದ ಸರಿಯಾಗಿ ಒಂದು ಕುರ್ಚಿ ಬಿಟ್ಟು ಆಕೆ ಕೂರುತ್ತಿದ್ದಳು. ಹೆಸರು ತಿಳಿದದ್ದು ಕೊರಳಿನ ಬ್ಯಾಡ್ಜಿನಿಂದ. ಅದರ ಕೆಳಗೆ 'ಲಕೇವಾ ಸೇವೆಗಳು' ಎಂದಿತ್ತು. ನೆಲ ತೊಳೆಯುವ ಕಂಪನಿ ಇರಬೇಕು ಎಂದುಕೊಂಡಿದ್ದ. ಭಾಷಣ ನಡೆಯುವಷ್ಟು ಹೊತ್ತೂ ಆಕೆ ತಲೆ ಬಗ್ಗಿಸಿ ಬೂದು-ನೀಲಿ ಉಣ್ಣೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದಳು. ಹಿಮ್ಮಡಿ ತಿರುಗುವ ಹೊತ್ತಿಗೆ ಮಧ್ಯಾಹ್ನದ ಊಟ, ಬೆರಳು ಮುಗಿಯುವ ಹೊತ್ತಿಗೆ ಸಮಾರೋಪ. ಇಬ್ಬರ ನಡುವೆ ಇದುವರೆಗೆ ನಡೆದ ಮಾತುಕತೆ ಇಷ್ಟು: "ಈ ಕುರ್ಚಿ ಖಾಲಿ ಇದೆಯಾ?" "ಇದೆ."

ಪರದೇಶದವರಿಗೆ ಇದು ಕಡಿಮೆ ಎನ್ನಿಸಬಹುದು. ಈ ಚಳಿ ನಾಡಿನ ನಮ್ಮ ಜನಕ್ಕೆ ಇಷ್ಟಾದರೆ ಅರ್ಧ ನಿಶ್ಚಿತಾರ್ಥವಾದಂತೆ. ಆ ನಡುವಿನ ಕುರ್ಚಿಯೂ ದೂರದ ಗುರುತಲ್ಲ. ಖಾಲಿ ಸಭಾಂಗಣದಲ್ಲಿ ಅಪರಿಚಿತರ ಪಕ್ಕಕ್ಕೇ ಹೋಗಿ ಕೂರುವವನನ್ನು ನಮ್ಮ ಕಡೆ ಕುಡಿದು ಬಂದವನೆಂದೇ ತಿಳಿಯುತ್ತಾರೆ. ಒಂದೇ ಒಂದು ಕುರ್ಚಿ ಬಿಟ್ಟು ಕೂತವರು ಮಾತ್ರ ಎಷ್ಟು ಹತ್ತಿರ ಬರಬಹುದೋ ಅಷ್ಟೂ ಬಂದವರು. ಈ ವರ್ಷ ಆಕೆಯನ್ನು ಕಾಫಿಗೆ ಕರೆಯುವುದೆಂದು ಆರ್ವೋ ಚಳಿಗಾಲವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ.

ತಾಂಪೆರೆಯ ಬಸ್ಸಿನಲ್ಲಿ ಮಾರಾಟ ವಿಭಾಗದ ಎಸ್ಕೋ ಜೊತೆಗಿದ್ದ. ಎಸ್ಕೋ ಬಾಯಿ ಮುಚ್ಚುವುದು ಊಟ ಅಗಿಯುವಾಗ ಮಾತ್ರ, ಅದೂ ಪೂರ್ತಿ ಅಲ್ಲ.

"ಲೋ ಆರ್ವೋ, ಸೆಮಿನಾರಿಗೆ ಹೋಗೋರಲ್ಲಿ ಎರಡೇ ಥರ. ಗಿರಾಕಿ ಇಲ್ಲದವರು, ಮನೇಲಿ ಕಾಯೋರು ಇಲ್ಲದವರು. ನೀನು ಎರಡು ಪಟ್ಟೀಲೂ ಇದೀಯ!"

"ಹ್ಞೂಂ," ಎಂದ ಆರ್ವೋ.

"ಹೊಸ ಬೂಟು ಬೇರೆ! ಏನೋ ವಿಷ್ಯ?"

"ಹಳೇದು ಒದ್ದೆ ಆಗಿತ್ತು."

ಮೊದಲ ಗೋಷ್ಠಿಯ ಹೆಸರು 'ಒದ್ದೆ ಬೂಟಿನ ನಾಳೆಗಳು'. ಆರ್ವೋ ಹಿಂದಿನ ಸಾಲಿನ ತನ್ನ ಜಾಗಕ್ಕೆ ಹೋದ. ಒಂದು ಕುರ್ಚಿ ಆಚೆ ಯಾರೂ ಇರಲಿಲ್ಲ. ಕತ್ತು ಚಾಚಿ ನೋಡಿದರೆ ಬೂದು-ನೀಲಿ ಉಣ್ಣೆ ಎರಡನೇ ಸಾಲಿನಲ್ಲಿ ಕಂಡಿತು. ಎರಡನೇ ಸಾಲು! ಅಲ್ಲಿ ಕೂರುವವರು ಭಾಷಣಕಾರರ ಹೆಂಡತಿಯರು ಮಾತ್ರ.

ಇಡೀ ಸಭಾಂಗಣ ನೋಡುತ್ತಿರುವಂತೆ ಅವನು ಎದ್ದು ಮುಂದಕ್ಕೆ ನಡೆದ. ಹೊಸ ಬೂಟು ಹೆಜ್ಜೆಹೆಜ್ಜೆಗೂ ಕುಯ್ಯೋ ಎಂದು ಕೂಗಿಕೊಂಡಿತು. ರೈಯಾಳಿಂದ ಒಂದು ಕುರ್ಚಿ ಬಿಟ್ಟು ಕೂತಾಗ ಕಿವಿಗಳು ಬಿಸಿಯಾಗಿದ್ದವು. ತಾನಾಗಿ ಮುಂದೆ ಬಂದು ಕೂತ ಶ್ರೋತೃವನ್ನು ಭಾಷಣಕಾರರು ಕಂಡದ್ದು ಬಹುಶಃ ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಭಾಷಣ ಮುಗಿಯಿತು. "ಪ್ರಶ್ನೆಗಳಿದ್ದರೆ ಕೇಳಬಹುದು," ಎಂದಳು ನಿರೂಪಕಿ. ಯಾರೂ ಉಸಿರೆತ್ತಲಿಲ್ಲ. ಈ ಮೌನ ನಮ್ಮಲ್ಲಿ ಕಾರ್ಯಕ್ರಮದ ಭಾಗವೇ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ, ಆಮೇಲೆ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಕರೆಯುವುದಿದ್ದರೆ ಈಗಲೇ ಎಂದುಕೊಂಡ ಆರ್ವೋ ರೈಯಾಳ ಕಡೆ ವಾಲಿ ಗಂಟಲು ಸರಿಮಾಡಿಕೊಂಡ.

ಅಷ್ಟೇ ಸಾಕಾಯಿತು. ಆ ನಿಶ್ಶಬ್ದದಲ್ಲಿ ಅದೇ ದೊಡ್ಡ ಪ್ರಶ್ನೆಯಂತೆ ಕೇಳಿಸಿತು. ನಿರೂಪಕಿ ಓಡೋಡಿ ಬಂದು ಮೈಕು ಹಿಡಿದಳು. ಚಳಿಗಾಲವಿಡೀ ಅಭ್ಯಾಸ ಮಾಡಿದ ಮಾತಿನ ಮೊದಲ ಪದ ತಾನಾಗಿ ಹೊರಬಿತ್ತು.

"ಕಾಫಿ..."

"ಅದ್ಭುತ!" ಭಾಷಣಕಾರರು ಮೇಜು ತಟ್ಟಿದರು. "ಎಲ್ಲರೂ ಕೆಸರಿನ ಬಗ್ಗೆ ಮಾತಾಡ್ತಾರೆ, ಕಾಲೊರಸಿನ ಮೇಲೆ ಚೆಲ್ಲೋ ಕಾಫಿ ಬಗ್ಗೆ ಯಾರೂ ಮಾತಾಡಲ್ಲ! ಬನ್ನಿ, ಇದನ್ನ ವಿವರವಾಗಿ ನೋಡೋಣ."

ವಿವರವಾಗಿಯೇ ನೋಡಿದರು. ಹಾಲು ಹಾಕಿದ ಕಾಫಿ, ಹಾಕದ ಕಾಫಿ, ಆರಿದ ಕಾಫಿ. ಅವರು ಅವನ ಮುಖವನ್ನೇ ನೋಡಿಕೊಂಡು ಹೇಳುತ್ತಿದ್ದುದರಿಂದ ಆರ್ವೋ ಕತ್ತು ಅಲ್ಲಾಡಿಸುತ್ತಲೇ ಇರಬೇಕಾಯಿತು. ಕೊನೆಗೆ ಪಕ್ಕಕ್ಕೆ ತಿರುಗಿದಾಗ ರೈಯಾ ಇರಲಿಲ್ಲ.

ಪಕ್ಕದ ಸಭಾಂಗಣಕ್ಕೆ ಓಡಿದ. ಅಲ್ಲಿಂದ ಅದರ ಪಕ್ಕದ್ದಕ್ಕೆ. ಹೋದ ಹೋದ ಕಡೆ ಆಕೆ ಆಗಷ್ಟೇ ಎದ್ದು ಹೋಗಿರುತ್ತಿದ್ದಳು. ಊಟದ ಹೊತ್ತಿಗೆ ಸುಸ್ತಾಗಿ ತಮ್ಮ ಕಾರ್ಖಾನೆಯ ಮಳಿಗೆಗೆ ಬಂದರೆ, ಎಸ್ಕೋ ಅಕ್ಕಪಕ್ಕದ ಮಳಿಗೆಯವರನ್ನೆಲ್ಲ ಸೇರಿಸಿಕೊಂಡು ಕಾಯುತ್ತಿದ್ದ.

"ಬಂದ ನೋಡ್ರಪ್ಪಾ! ಸೆಮಿನಾರಲ್ಲಿ ಪ್ರಶ್ನೆ ಕೇಳಿದ ಮಹಾನುಭಾವ!"

"ಮೈ ಹುಷಾರಿದೆಯಾ?" ಎಂದು ಎದುರು ಮಳಿಗೆಯ ಪೊರಕೆ ವ್ಯಾಪಾರಿ ನಿಜವಾದ ಕಾಳಜಿಯಿಂದ ಕೇಳಿದ.

ಅಷ್ಟರಲ್ಲಿ ನಿರೂಪಕಿ ಅವನನ್ನೇ ಹುಡುಕಿಕೊಂಡು ಬಂದಳು. ಸಮಾರೋಪದ ಚರ್ಚೆಗೆ ಬರಬೇಕಿದ್ದವರೊಬ್ಬರು ಜ್ವರ ಬಂದು ಮಲಗಿದ್ದಾರಂತೆ. ಚರ್ಚೆಯ ವಿಷಯ: ಸೆಮಿನಾರಿಗೆ ಹೋಗುವುದು ಸಾರ್ಥಕವೇ?

"ನನಗೆ ಮಾತಾಡೋಕೆ ಬರಲ್ಲ," ಎಂದ ಆರ್ವೋ.

"ಬರುತ್ತೆ, ಬರುತ್ತೆ!" ಎಂದು ಎಸ್ಕೋ ಅವನನ್ನು ಹಿಂದಿನಿಂದ ತಳ್ಳಿದ. "ಮೊಬೈಲಲ್ಲಿ ನೇರ ಪ್ರಸಾರ ಇದೆ. ಒಡತಿಗೂ ನೋಡೋಕೆ ಹೇಳ್ತೀನಿ."

ಹೀಗೆ ಸಂಜೆ ಆರ್ವೋ ವೇದಿಕೆಯ ಮೇಲೆ, ಕಾಲು ನೆಲಕ್ಕೆ ತಾಗದ ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಪಕ್ಕದ ಪ್ರಾಧ್ಯಾಪಕರು ಜ್ಞಾನ ವಿನಿಮಯದ ಬಗ್ಗೆ ಮಾತಾಡಿದರು. ಅವರ ಪಕ್ಕದ ಉದ್ಯಮಿ ವಿನಿಮಯದ ಜ್ಞಾನದ ಬಗ್ಗೆ ಮಾತಾಡಿದರು. ಆರ್ವೋ ಸಭೆಯನ್ನು ನೋಡುತ್ತಿದ್ದ. ನಡುವಿನ ಸಾಲಿನಲ್ಲಿ ಬೂದು-ನೀಲಿ ಉಣ್ಣೆ ಕಂಡಿತು. ರೈಯಾ ಒಬ್ಬ ಬೋಳುತಲೆಯ ಮುದುಕನಿಂದ ಒಂದು ಕುರ್ಚಿ ಬಿಟ್ಟು ಕೂತಿದ್ದಳು. ಒಂದೇ ಒಂದು ಕುರ್ಚಿ! ಆ ಮುದುಕನ ಮೇಲೆ ಆರ್ವೋನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲಿರುವಾಗಲೇ ಮೈಕು ಅವನ ಕೈಗೆ ಬಂತು.

"ಸೆಮಿನಾರಲ್ಲಿ ಏನು ಕಲಿತೆ ಅಂತ ಕೇಳಿದ್ರೆ ನನಗೆ ನೆನಪಿಲ್ಲ," ಎಂದು ಶುರುಮಾಡಿದ. "ಒದ್ದೆ ಬೂಟಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ನಾನು ಒಬ್ಬನೇ ಇರೋನು. ಸಂಜೆ ಮನೆಗೆ ಹೋದ್ರೆ ರೇಡಿಯೋ ಮಾತಾಡುತ್ತೆ, ನಾನು ಕೇಳ್ತೀನಿ. ಆಗಾಗ ಫ್ರಿಜ್ಜು ಗುರ್ರ್ ಅನ್ನುತ್ತೆ. ಅಷ್ಟೇ ನನ್ನ ಮನೆ. ಇಲ್ಲಿಗೆ ಬಂದ್ರೆ, ಒಂದು ಕುರ್ಚಿ ಬಿಟ್ಟು ಒಬ್ಬರು ಕೂತಿರ್ತಾರೆ. ನಾನು ಕೇಳೋ ಸಪ್ಪೆ ಭಾಷಣಾನೇ ಅವರೂ ಕೇಳ್ತಿರ್ತಾರೆ. ಇಬ್ಬರಿಗೂ ಒಟ್ಟಿಗೆ ಬೇಜಾರಾಗುತ್ತೆ. ಒಬ್ಬನೇ ಬೇಜಾರು ಮಾಡ್ಕೊಳ್ಳೋದಕ್ಕೂ, ಇಬ್ಬರು ಒಟ್ಟಿಗೆ ಬೇಜಾರು ಮಾಡ್ಕೊಳ್ಳೋದಕ್ಕೂ ತುಂಬಾ ವ್ಯತ್ಯಾಸ ಇದೆ. ವರ್ಷವಿಡೀ ನಾನು ಅದಕ್ಕೇ ಕಾಯ್ತೀನಿ. ಅದು ಇ-ಮೇಲ್‌ನಲ್ಲಿ ಬರಲ್ಲ."

ಎಲ್ಲರೂ ಬೂಟು ನೋಡಿಕೊಂಡರು. ಆಮೇಲೆ ನಡುವಿನ ಸಾಲಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು. ಆರ್ವೋ ಕಣ್ಣಾರೆ ನೋಡಿದ: ಹೆಣಿಗೆಯನ್ನು ಮಡಿಲಲ್ಲಿಟ್ಟು ಚಪ್ಪಾಳೆ ತಟ್ಟುತ್ತಿದ್ದವಳು ರೈಯಾ. ಅವಳ ಹಿಂದೆ ಇಡೀ ಸಭೆ ಎದ್ದು ನಿಂತಿತು. ಪೊರಕೆ ವ್ಯಾಪಾರಿ ಮೂಗು ಒರೆಸಿಕೊಳ್ಳುತ್ತಿದ್ದ. ನೇರ ಪ್ರಸಾರ ನೋಡಿದ ಕಂಪನಿಗಳ ಕರೆಗಳಿಂದ ಮೇಳದವರ ಫೋನುಗಳು ಒಂದೇ ಸಮನೆ ಬಡಿದುಕೊಳ್ಳತೊಡಗಿದವು. ಮುಂದಿನ ವರ್ಷದ ಗೋಷ್ಠಿಗಳಿಗೆ ಅಲ್ಲೇ, ಆಗಲೇ, ಜಾಗ ಕಾದಿರಿಸುವವರ ಸಾಲು ಹತ್ತಿತು.

ಆರ್ವೋನಿಗೆ ಅದ್ಯಾವುದೂ ಬೇಕಿರಲಿಲ್ಲ. ಕೋಟುಗಳನ್ನು ತೂಗುಹಾಕುವ ಕಡೆ ನಡೆದ. ರೈಯಾ ಅಲ್ಲೇ ನಿಂತು ಕೊರಳಿಗೆ ಶಾಲು ಸುತ್ತಿಕೊಳ್ಳುತ್ತಿದ್ದಳು. ಅವನನ್ನು ಕಂಡು ತಾನಾಗಿಯೇ ಮಾತಾಡಿಸಿದಳು.

"ಎಷ್ಟು ಚೆನ್ನಾಗಿ ಹೇಳಿದ್ರಿ! ನನಗೆ ಕಣ್ಣಲ್ಲಿ ನೀರು ಬಂತು." ಆಮೇಲೆ ನಕ್ಕಳು. "ಜೊತೆಗೆ ಕೆಲಸವೂ ಹೋಯ್ತು."

"ಕೆಲಸ?"

"ನಾವು ಕುರ್ಚಿ ತುಂಬೋರು. ಹಾಲ್ ಖಾಲಿ ಕಾಣಬಾರದು ಅಂತ ಮೇಳದವರು ದುಡ್ಡು ಕೊಟ್ಟು ಕೂರಿಸ್ತಾರೆ. ಒತ್ತಾಗಿ ಕೂತ್ರೆ ಒಂದು ಮೂಲೆ ಮಾತ್ರ ತುಂಬುತ್ತೆ ನೋಡಿ, ಅದಕ್ಕೆ ಯಾರ ಹತ್ತಿರ ಆದ್ರೂ ಸರಿ, ಒಂದು ಕುರ್ಚಿ ಬಿಟ್ಟೇ ಕೂರಬೇಕು. ಒಂದು ಹಾಲ್ ಮುಗಿದ್ರೆ ಇನ್ನೊಂದು. ಈ ಸಲ ಮುಂದಿನ ಸಾಲೂ ತುಂಬಿ ಅಂದ್ರು. ಬೆಳಿಗ್ಗೆ ನೀವು ಬಂದು ಅಷ್ಟು ಸರಿಯಾಗಿ ಕೂತ್ರಲ್ಲ, ನಮ್ಮಲ್ಲಿಗೇ ಹೊಸದಾಗಿ ಸೇರಿದವರು ಅಂದ್ಕೊಂಡೆ."

"ಹೊಸದಾಗಿ..." ಎಂದ ಆರ್ವೋ.

"ನಿಮ್ಮ ಮಾತು ಕೇಳಿ ಮುಂದಿನ ವರ್ಷಕ್ಕೆ ಕುರ್ಚಿಯೆಲ್ಲ ಈಗಲೇ ಭರ್ತಿಯಂತೆ. ನಾವು ಇಲ್ಲಿಗೆ ಇನ್ನು ಬೇಡ ಅಂದ್ರು. ಬೇಜಾರಿಲ್ಲ ಬಿಡಿ. ನಾಳೆ ಔಲುವಿನಲ್ಲಿ ಜೇನು ಸಾಕೋರ ಸಮ್ಮೇಳನ ಇದೆ, ಆಮೇಲೆ ಎಲ್ಲಿ ಕೂರಿಸ್ತಾರೋ."

ಆರ್ವೋ ಆಕೆಯ ಕೈಚೀಲದಿಂದ ಇಣುಕುತ್ತಿದ್ದ ಉಣ್ಣೆಯನ್ನು ನೋಡಿದ. ಏನಾದರೂ ಕೇಳಬೇಕಲ್ಲ ಎಂದು, "ಕಾಲುಚೀಲ ಯಾರಿಗೆ?" ಎಂದ.

"ಯಾರಿಗೂ ಇಲ್ಲ. ನಿದ್ದೆ ಹೋದ್ರೆ ಕೆಲಸದಿಂದ ತೆಗೀತಾರೆ, ಅದಕ್ಕೆ ಹೆಣೀತೀನಿ. ಸಂಜೆ ಬಿಚ್ಚಿಬಿಡ್ತೀನಿ. ಹಾಕ್ಕೊಳ್ಳೋರು ಯಾರಿದ್ದಾರೆ?" ಆಕೆ ಶಾಲಿನ ಗಂಟು ಬಿಗಿದಳು. "ಅಂದ ಹಾಗೆ, ಆಕೆ ಯಾರು? ಒಂದು ಕುರ್ಚಿ ಬಿಟ್ಟು ಕೂರ್ತಾರೆ ಅಂದ್ರಲ್ಲ. ಹೆಂಗಸೇ ಇರಬೇಕು, ಗಂಡಸರ ಬಗ್ಗೆ ಯಾರೂ ಹಾಗೆ ಮಾತಾಡಲ್ಲ. ಇವತ್ತು ಬಂದಿದ್ರಾ?"

ಈಗ ಹೇಳಿಬಿಡಬೇಕಿತ್ತು. ಅವನು ಬಾಯಿ ತೆರೆದ. ಮತ್ತೆ ಅದೇ ಮೊದಲ ಪದ ಬಂತು.

"ಕಾಫಿ..."

"ಹಾಂ, ಆ ಕಾಫಿ ಕಲೆ ಪ್ರಶ್ನೆ ತುಂಬಾ ಚೆನ್ನಾಗಿತ್ತು. ಇಷ್ಟು ವರ್ಷದಲ್ಲಿ ನಾನು ಕಿವಿಗೊಟ್ಟು ಕೇಳಿದ್ದು ಅದೊಂದೇ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಕುರ್ಚಿ ತುಂಬುವವರೆಲ್ಲ ಆಗಲೇ ಹತ್ತಿ ಕೂತಿದ್ದರು. ಕೆಲಸ ಮುಗಿದಿದ್ದರಿಂದ ಒತ್ತೊತ್ತಾಗಿ ಕೂತು ನಗುತ್ತಿದ್ದರು. ರೈಯಾ ಬಾಗಿಲಲ್ಲಿ ತಿರುಗಿ ನಿಂತು, "ಅವರನ್ನ ಬಿಟ್ಟುಕೊಡಬೇಡಿ," ಎಂದಳು. "ಮುಂದಿನ ವರ್ಷ ಬಂದಾಗ ಪಕ್ಕದ ಕುರ್ಚಿಲೇ ಕೂತುಬಿಡಿ."

"ಆಗಲಿ," ಎಂದ ಆರ್ವೋ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದ. ಚಳಿಗಾಲವಿಡೀ ಅಭ್ಯಾಸ ಮಾಡಿದ ಅಷ್ಟೂ ಮಾತು ಹಾಗೇ ಉಳಿದಿತ್ತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೂಲಿಕ್ಕಿ.

"ಆರ್ವೋ! ಪೂರ್ತಿ ನೋಡಿದೆ. ನಾನು ಸೋಫಾ ಮೇಲೆ ಕೂತು ಅತ್ತೆ, ಗೊತ್ತಾ? ಇ-ಮೇಲ್‌ನಲ್ಲಿ ಬರದಿರೋ ವಿಷಯ ತಂದೇಬಿಟ್ರಿ! ಇನ್ನು ನೀವು ಇಲ್ಲಿ ಕೆಲಸದಲ್ಲಿರೋವರೆಗೂ ಪ್ರತಿ ವರ್ಷ ಹೋಗಲೇಬೇಕು. ಇಲ್ಲ ಅನ್ನೋ ಹಾಗೇ ಇಲ್ಲ. ಮುಂದಿನ ವರ್ಷದ ಜಾಗವನ್ನೂ ಕಾದಿರಿಸಿಬಿಟ್ಟೆ. ನೀವು ಇಷ್ಟು ಒಂಟಿ ಅಂತ ನನಗೆ ತಿಳಿದೇ ಇರಲಿಲ್ಲ. ಅದಕ್ಕೆ ಎರಡೂ ಪಕ್ಕ ನಮ್ಮವರೇ ಇರೋ ಹಾಗೆ ನೋಡ್ಕೊಂಡಿದೀನಿ. ಒಂದು ಕಡೆ ನಾನು, ಇನ್ನೊಂದು ಕಡೆ ಎಸ್ಕೋ. ನಡುವೆ ಒಂದೇ ಒಂದು ಕುರ್ಚಿ ಕೂಡ ಖಾಲಿ ಇರಲ್ಲ. ಖುಷಿ ಆಯ್ತಾ?"

"ತುಂಬಾ," ಎಂದ ಆರ್ವೋ.